ಜಗಲಿ ಮೇಲಿನ ಗ್ಯಾರಂಟಿ ಕಾಗದ

ಸವಣೂರಿನಲ್ಲಿ ನಮ್ಮದು ಎಲೆಬಳ್ಳಿಯ ತೋಟ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಎರಡು ವರ್ಷ ಮೊದಲು ಅಪ್ಪನಿಗೆ ಲಾರಿಯ ಹುಚ್ಚು ಹಿಡಿಯಿತು. ಎತ್ತಿನ ಗಾಡಿ ಹಿರೇಕೆರೂರಿನ ಸಂತೆ ಮುಟ್ಟುವಷ್ಟರಲ್ಲಿ ಎಲೆ ಬಾಡುತ್ತದೆ, ಲಾರಿಯಾದರೆ ಬೆಳಿಗ್ಗೆ ಕೊಯ್ದ ಎಲೆ ಸಂಜೆಗೆ ಜನರ ಬಾಯಲ್ಲಿರುತ್ತದೆ ಎಂಬುದು ಅವನ ಲೆಕ್ಕ. ಲೆಕ್ಕವೇನೋ ಸರಿಯೇ. ಲಾರಿ ಓಡಬೇಕು ಎಂಬ ಸಣ್ಣ ಮಾತೊಂದನ್ನು ಯಾರೂ ಅದರಲ್ಲಿ ಸೇರಿಸಿರಲಿಲ್ಲ.

ಹುಬ್ಬಳ್ಳಿಯ ಮಾರಾಟಗಾರ ಲಾರಿಯ ಜೊತೆಗೆ ಒಂದು ಇಂಗ್ಲಿಷ್ ಕಾಗದ ಕೊಟ್ಟ, ಇಂಜಿನ್ನಿಗೆ ತಂತಿ ಸುತ್ತಿ ಸೀಸದ ಮುದ್ರೆ ಒತ್ತಿದ. ಮನೆಯಲ್ಲಿ ಮ್ಯಾಟ್ರಿಕ್ ಪಾಸಾದವನು ನಾನೊಬ್ಬನೇ. ಇಪ್ಪತ್ತೊಂದರ ಗತ್ತಿನಲ್ಲಿ ನಡುಮನೆಯಲ್ಲಿ ನಿಂತು ಗಟ್ಟಿಯಾಗಿ ಓದಿ ಅರ್ಥ ಹೇಳಿದೆ: ಕೆಟ್ಟರೆ ಕಂಪನಿಯವರೇ ಪುಕ್ಕಟೆ ರಿಪೇರಿ ಮಾಡುತ್ತಾರೆ, ಬೇರೆಯವರು ಮುಟ್ಟಕೂಡದು. ಅದು ದೊಡ್ಡ ಅಕ್ಷರದ್ದು. ಕೆಳಗಿನ ಸಣ್ಣ ಅಕ್ಷರ ಓದುವಷ್ಟು ಇಂಗ್ಲಿಷ್ ನನಗಿರಲಿಲ್ಲ, ಬರುವುದಿಲ್ಲ ಎಂದು ಹೇಳುವಷ್ಟು ಧೈರ್ಯವೂ ಇರಲಿಲ್ಲ. ಅವ್ವ ಆ ಕಾಗದಕ್ಕೆ ಅರಿಷಿಣ ಕುಂಕುಮ ಹಚ್ಚಿ ದೇವರ ಜಗಲಿಯ ಮೇಲಿಟ್ಟಳು.

ಲಾರಿ ನಡೆಸಲು ಅಪ್ಪ ನಮ್ಮೂರಿನವರೇ ಆದ ಒಬ್ಬ ಡ್ರೈವರನ್ನು ಹುಬ್ಬಳ್ಳಿಯ ಬಸ್ಸಿನ ಕೆಲಸ ಬಿಡಿಸಿ ಕರೆತಂದಿದ್ದ. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ. ಲಾರಿ ಸಂತೆಗೆ ಹೋಗಿ ಬಂದ ದಿನಕ್ಕಷ್ಟೇ ಅವರಿಗೆ ಕೂಲಿ. ಲಾರಿ ನಿಂತರೆ ಹೆಂಡತಿ, ನಾಲ್ಕು ಮಕ್ಕಳ ಆ ಮನೆಯಲ್ಲಿ ಒಲೆ ಉರಿಯುವುದೇ ಕಷ್ಟ.

ತಿಂಗಳೊಪ್ಪತ್ತಿನಲ್ಲಿ ಇಂಜಿನ್ನಿಗೆ ನೀರು ತಳ್ಳುವ ಪಂಪು ಸೋರತೊಡಗಿತು. ಬಂಕಾಪುರ ದಾಟುವುದರೊಳಗೆ ನೀರೆಲ್ಲ ಖಾಲಿ. ಚಾಚಾ ಬಗ್ಗಿ ನೋಡಿದರು.

“ಒಳಗಿನ ವಾಶರ್ ಹೋಗೇತ್ರಿ ಧಣ್ಯಾರ. ಅರ್ಧಾ ತಾಸಿನ ಕೆಲಸ. ಬಿಚ್ಚಲೇನ್ರಿ?”

“ಮುದ್ರಿ ಮುಟ್ಟಬ್ಯಾಡ್ರಿ ಸಾಹೇಬ್ರ,” ಎಂದ ಅಪ್ಪ. “ಕಂಪನ್ಯಾವ್ರು ಮಾಡ್ತಾರ. ಪುಕ್ಕಟ ಐತಿ.”

ಪುಕ್ಕಟೆಯ ವೈಭವ ಶುರುವಾಯಿತು. ಹೊಸ ಲಾರಿಗೆ ಎರಡು ಜೋಡಿ ಎತ್ತು ಕಟ್ಟಿ, ಶಿಗ್ಗಾವಿಯ ಪೇಟೆಯ ನಡುವೆಯೇ ಎಳೆಸಿಕೊಂಡು ಹುಬ್ಬಳ್ಳಿ ಮುಟ್ಟಿಸಿದೆವು. “ಎತ್ತಿಗೆ ಪೆಟ್ರೋಲ್ ಎಷ್ಟ ಹಾಕೀರಿ?” ಎಂದು ಶಿಗ್ಗಾವಿಯ ಗಾಡಿಯವರು ಕೇಳಿ ನಕ್ಕರು. ಅಂಗಡಿಯ ಗುಮಾಸ್ತ ತಲೆಯ ಮೇಲೆ ಪಂಖಾ ತಿರುಗಿಸಿಕೊಂಡು ಕೂತಿದ್ದ. “ಸಾಮಾನು ವಿಲಾಯತಿಯಿಂದ ಬರಬೇಕ್ರಿ. ಹಡಗ ಹೊಂಟೇತಿ, ಎಂಟ ದಿನ,” ಎಂದ. ಎಂಟು ದಿನ ಬಿಟ್ಟು ಹೋದಾಗ ಹಡಗು ಏಡನ್ ಬಂದರಿನಲ್ಲಿತ್ತು. ಮತ್ತೆ ಹದಿನೈದು ದಿನ ಬಿಟ್ಟು ಹೋದಾಗ ಮುಂಬಯಿಗೆ ಬಂದಿತ್ತು. ಅದಾದ ಮೇಲೆ ಹೋದರೆ ಇನ್ನೂ ವಿಲಾಯತಿಯನ್ನು ಬಿಟ್ಟೇ ಇರಲಿಲ್ಲ! ಹೀಗೆ ಹಿಂದಕ್ಕೆ ನಡೆಯುವ ಹಡಗಿನ ಬಗ್ಗೆ ನಮ್ಮ ಭೂಗೋಳದ ಮಾಸ್ತರರು ಏನೂ ಹೇಳಿರಲಿಲ್ಲ. ಲಾರಿ ಅವರ ಹಿತ್ತಲಿನ ಬೇವಿನ ಗಿಡದ ಕೆಳಗಿತ್ತು, ಅದರ ಮೇಲೆ ಕೋಳಿಗಳು ಕೂರುತ್ತಿದ್ದವು. ಊಟಕ್ಕಿಲ್ಲದ ಉಪ್ಪಿನಕಾಯಿ ಎಂದರೆ ನಮ್ಮ ಗ್ಯಾರಂಟಿಯೇ. ಇತ್ತ ಬಸ್ಸು ಬಿಟ್ಟು ಬಂದಿದ್ದ ಚಾಚಾ ನಮ್ಮ ತೋಟದಲ್ಲಿ ಎತ್ತು ಕಟ್ಟಿ ತೊಗಲಿನ ಚೀಲದಲ್ಲಿ ಬಾವಿಯ ನೀರೆತ್ತುವ ಕಪಿಲೆ ಹೊಡೆದು ದಿನ ನೂಕುತ್ತಿದ್ದರು.

ಎರಡು ತಿಂಗಳ ಮೇಲೆ ಲಾರಿ ಬಂತು. ರಿಪೇರಿ ಆಗಿರಲಿಲ್ಲ. “ಸದ್ಯ ಹೆಂಗರ ನಡಸ್ರಿ, ಸಾಮಾನು ಬಂದ ಮ್ಯಾಲ ಕಾಗದ ಹಾಕತೇವಿ,” ಎಂದಿದ್ದರು. ಮೊದಲ ಸಂತೆಗೇ, ಎಲೆಯ ಬುಟ್ಟಿಗಳನ್ನು ಹೇರಿಕೊಂಡು, ದಾರಿಯುದ್ದಕ್ಕೂ ನೀರು ತುಂಬಿಸಿಕೊಳ್ಳುತ್ತ ಹೊರಟ ಲಾರಿ ತಿಳವಳ್ಳಿಯ ಹತ್ತಿರ ಕುದ್ದು ನಿಂತಿತು. ಬಿಸಿಲೇರಿದರೆ ಎಲೆಯೆಲ್ಲ ತಿಪ್ಪೆಗೆ. ಚಾಚಾ ತಂತಿ ಕತ್ತರಿಸಿದರು. ಹತ್ತಿರದ ತೋಟದಿಂದ ಕಪಿಲೆಯ ಹಳೆಯ ತೊಗಲಿನ ತುಂಡೊಂದನ್ನು ಕೇಳಿ ತಂದು, ದುಂಡಗೆ ಕೊಯ್ದು, ಎಣ್ಣೆಯಲ್ಲಿ ನೆನೆಸಿ ಕೂರಿಸಿದರು. ಲಾರಿ ಹಿರೇಕೆರೂರಿಗೆ ಹೋಯಿತು, ಎಲೆಯೆಲ್ಲ ಮಾರಾಟವಾಯಿತು, ಹನಿ ನೀರು ಸೋರದೆ ಮನೆಗೆ ಬಂತು.

ಬೇರೆ ಮನೆಯಾಗಿದ್ದರೆ ಅವರಿಗೆ ರುಮಾಲು ಸುತ್ತುತ್ತಿದ್ದರು. ಅಪ್ಪ ಕತ್ತರಿಸಿದ ಮುದ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ನನ್ನ ಕಡೆ ತಿರುಗಿದ. “ಕಾಗದದಾಗ ಏನೈತಿ, ಇನ್ನೊಮ್ಮೆ ಓದು.” ಓದಿದೆ. ಬೇರೆಯವರ ಕೈ ಹತ್ತಿದರೆ ಗ್ಯಾರಂಟಿ ರದ್ದು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂಬಂತೆ, ಹುಬ್ಬಳ್ಳಿಯಲ್ಲಿ ಕೈಮುಗಿದು ನುಂಗಿಕೊಂಡ ಸಿಟ್ಟೆಲ್ಲ ಚಾಚಾರ ಮೇಲೆ ಬಿತ್ತು. ಸಾಹೇಬ್ರು ಹೋಗಿ ಏಕವಚನ ಬಂತು. “ನನ್ನ ಗ್ಯಾರಂಟಿ ಕೆಡಿಸಿದಿ. ನಾಳಿಂದ ಬರಬ್ಯಾಡ.” ಅಷ್ಟಕ್ಕೂ ಬಿಡದೆ, ಲಾರಿ ಇಟ್ಟಿದ್ದ ಅಕ್ಕಿಆಲೂರಿನ ಗಿರಣಿಗಳವರೆಗೂ ಹೋಗಿ ‘ಇಂಜಿನ್ ಕೆಡಿಸುವ ಡ್ರೈವರ್’ ಎಂದು ಸಾರಿ ಬಂದ.

ಹತ್ತು ದಿನದ ಮೇಲೆ ನಡೆದದ್ದು ಇನ್ನೂ ಚೆಂದ. ತಪ್ಪೊಪ್ಪಿಕೊಂಡು ಹೊಸ ಮುದ್ರೆ ಹಾಕಿಸಿಕೊಂಡು ಬಾ ಎಂದು, ಚೆನ್ನಾಗಿ ಓಡುತ್ತಿದ್ದ ಲಾರಿಯನ್ನು ಬೇರೊಬ್ಬ ಡ್ರೈವರನ ಕೈಗೆ ಕೊಟ್ಟು ನನ್ನನ್ನು ಹುಬ್ಬಳ್ಳಿಗೆ ಕಳಿಸಿದ. ಗುಮಾಸ್ತ ಕಾಗದದ ಮೇಲಿನ ಕುಂಕುಮ ಝಾಡಿಸಿ, ಸಣ್ಣ ಅಕ್ಷರದ ಸಾಲಿನ ಮೇಲೆ ಬೆರಳಿಟ್ಟ.

“ತೊಂಬತ್ತ ದಿನದ್ದರಿ ಇದು. ಮುಗದ ಹದಿನೈದ ದಿನ ಆತು. ಇನ್ನ ಯಾರರ ಬಿಚ್ಚಿಕೊಳ್ರಿ, ನಮಗೇನು?”

ಮೂರು ತಿಂಗಳಲ್ಲಿ ಎರಡನ್ನು ಅವರ ಬೇವಿನ ಗಿಡದ ಕೆಳಗೇ ಕಳೆದಿದ್ದೆವು. ಚಾಚಾ ತಂತಿ ಕತ್ತರಿಸಿದ ದಿನ ಕೆಡಿಸಲು ಗ್ಯಾರಂಟಿಯೇ ಉಳಿದಿರಲಿಲ್ಲ.

ಸವಣೂರಿಗೆ ಬಂದವನು ಮನೆಗೆ ಹೋಗದೆ ನೇರ ಚಾಚಾರ ಅಂಗಳಕ್ಕೆ ಹೋಗಿ ಇದ್ದದ್ದನ್ನು ಹೇಳಿದೆ. ಕೂರಿಸಿ ಚಹಾ ಕೊಟ್ಟರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

“ಹುಬ್ಬಳ್ಯಾಗ ಕೆಲಸ ಕೇಳಿದೆ, ಹಾನಗಲ್ಲಾಗ ಕೇಳಿದೆ. ಕೈ ಕೆಟ್ಟಾಂವ ಅಂತಾರ,” ಎಂದರು. “ನನ್ನ ಮುಂದ ಹೇಳಿದ್ರ ಏನ ಬಂತು ತಮ್ಮಾ? ನಾಕ ಮಂದಿ ಮುಂದ ಹೇಳ್ತೀಯೇನು?”

ಹೇಳುತ್ತೇನೆ ಎಂದು ಮಾತು ಕೊಟ್ಟು ಎದ್ದೆ. ಮನೆಯ ಕಟ್ಟೆಯ ಮೇಲೆ ಅಪ್ಪ ನಾಲ್ಕು ಜನ ಎಲೆ ವ್ಯಾಪಾರಿಗಳ ಜೊತೆ ಕೂತಿದ್ದ. “ಏನಂದ್ರು ಕಂಪನ್ಯಾವ್ರು?” ಎಂದು ಅಲ್ಲಿಂದಲೇ ಕೇಳಿದ. ಎಲ್ಲರೂ ಮ್ಯಾಟ್ರಿಕ್ ಪಾಸಾದವನ ಮುಖ ನೋಡುತ್ತಿದ್ದರು.

“ಮುದ್ರಿ ಕತ್ತರಿಸಿದ್ದಕ್ಕ ಗ್ಯಾರಂಟಿ ಹೋತಪ್ಪಾ,” ಎಂದೆ.