ಕೂರಿಗೆಯ ಕೆಳಗಿನ ಕೂಸು ಚಿಕ್ಕಿ

ಮಾಸ್ತರರ ಬಲಗಣ್ಣಿನ ಸುತ್ತ ಒಂದು ಉಂಗುರದ ಗುರುತು ಇತ್ತು. ಹಿತ್ತಾಳೆಯ ದುರ್ಬೀನಿನ ಬಾಯಿಯನ್ನು ವರ್ಷಗಟ್ಟಲೆ ಕಣ್ಣಿಗೆ ಒತ್ತಿ ಹಿಡಿದು ಮೂಡಿದ ಗುರುತು. ಎಡಗಣ್ಣನ್ನು ಮುಚ್ಚಿ ಮುಚ್ಚಿ ಅದರ ಮೂಲೆಯಲ್ಲಿ ನೆರಿಗೆಗಳು ಬಿದ್ದಿದ್ದವು. ಹಾಗಾಗಿ ಮಾಸ್ತರರು ಎಡಗಡೆಯಿಂದ ನಿದ್ದೆಗಣ್ಣಿನ ಮುದುಕರಂತೆಯೂ ಬಲಗಡೆಯಿಂದ ಏನನ್ನೋ ಕಂಡು ಬೆಚ್ಚಿದವರಂತೆಯೂ ಕಾಣುತ್ತಿದ್ದರು. ಅವರ ಹೆಂಡತಿಯನ್ನು ಓಣಿಯವರೆಲ್ಲ ಚಿಕ್ಕವ್ವ ಎಂಬರ್ಥದಲ್ಲಿ ಖಾಲಾ ಎಂದು ಕರೆಯುತ್ತಿದ್ದೆವು. "ಎರಡ ಮಾರಿ ಮನಷ್ಯಾ, ಯಾವ ಮಾರಿಗೆ ರೊಟ್ಟಿ ಬಡೀಲಿ?" ಎಂದು ಆಕೆ ಗಂಡನನ್ನು ಛೇಡಿಸುತ್ತಿದ್ದರು.

ಇಳಕಲ್ಲಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ನಮ್ಮದು ನೇಕಾರರ ಮನೆ, ಅವರದು ಮುಸಲ್ಮಾನರದು. ಮಾಸ್ತರರು ಬಾದಾಮಿಯಲ್ಲಿ, ಹುನಗುಂದದಲ್ಲಿ ಕನ್ನಡ ಸಾಲೆಯ ಮಾಸ್ತರಿಕೆ ಮುಗಿಸಿ ಊರಿಗೆ ಬಂದು ಕೂತಿದ್ದರು. ದುರ್ಬೀನು ಬಾದಾಮಿಯಲ್ಲಿ ಸಿಕ್ಕದ್ದು. ನೆಲ ಅಳೆಯಲು ಬಂದಿದ್ದ ಬಿಳಿಯ ಸಾಹೇಬನೊಬ್ಬನಿಗೆ ಇವರು ಕನ್ನಡ ಕಲಿಸಿದ್ದರಂತೆ. ಅವನು ಊರು ಬಿಡುವಾಗ ಅದನ್ನು ಇವರ ಕೈಗೆ ಹಾಕಿ ಹೋದ. ಜೊತೆಗೆ ಒಂದು ಚಿಕ್ಕಿಯ, ಅಂದರೆ ನಕ್ಷತ್ರದ, ಹುಚ್ಚನ್ನೂ ಹಚ್ಚಿ ಹೋದ.

ಚಂದ್ರನ ವಿಷಯದಲ್ಲಂತೂ ಊರಲ್ಲಿ ಅವರದೇ ಮಾತು. ರಮಜಾನಿನ ಉಪವಾಸ ಮುಗಿಯುವ ಸಂಜೆ ಊರ ಹೊರಗಿನ ಕೆಂಪು ಬಂಡೆಯ ಮೇಲೆ ಜನ ಸೇರುತ್ತಿದ್ದರು. ಯಾರಾದರೂ ಚಂದ್ರ ಕಂಡಿತೆಂದು ಕೂಗಿದರೆ ಮಾಸ್ತರರು ಅವನೊಬ್ಬನನ್ನೇ ಪಕ್ಕಕ್ಕೆ ಕರೆದು ಕೇಳುವರು. "ಕೊಂಬು ಯಾವ ಕಡೆ ಇದ್ದುವಪಾ? ಹೊತ್ತು ಮುಳುಗಿದ ಜಾಗದ ಎಡಕ್ಕೋ ಬಲಕ್ಕೋ?" ಹಬ್ಬದ ಶಾವಿಗೆಯ ಆಸೆಗೆ ಚಂದ್ರನನ್ನು ಕಂಡೆನೆಂದವನು ಅಲ್ಲಿಯೇ ತೊದಲುತ್ತಿದ್ದ. ಕೊನೆಗೆ ತಾವೂ ಬರಿಗಣ್ಣಿನಿಂದ ನೋಡಿ 'ಖರೆ' ಅಂದರೆ ಮಾತ್ರ ಜನ ಹಬ್ಬದ ಮಾತೆತ್ತುತ್ತಿದ್ದರು. ಆ ಒಂದು ಸಂಜೆಗಾಗಿ ಅವರು ವರ್ಷವಿಡೀ ಕಣ್ಣನ್ನು ಜೋಪಾನ ಮಾಡುತ್ತಿದ್ದರು. ಒಲೆಯ ಮುಂದೆ ಕೂಡುತ್ತಿರಲಿಲ್ಲ. ಗಾಳಿ ಎದ್ದರೆ ಮುಖಕ್ಕೆ ರುಮಾಲು ಸುತ್ತುತ್ತಿದ್ದರು.

ಪ್ಲೇಗು ಬಂದ ವರ್ಷ ಇಲಿ ಸತ್ತು ಬಿದ್ದ ಮನೆಗಳಿಂದ ಶುರುವಾಗಿ ಊರೆಲ್ಲ ಖಾಲಿಯಾಯಿತು. ಹುನಗುಂದದ ದಾರಿಯ ಹೊಲಗಳಲ್ಲಿ ಜೋಳದ ಕಣಿಕೆಯ ಗುಡಿಸಲು ಹಾಕಿಕೊಂಡೆವು. ಅಲ್ಲಿಗೆ ಹೋಗುವ ಮೊದಲೇ ನನ್ನ ಗಂಡ ತೀರಿಹೋಗಿದ್ದ. ಅಲ್ಲಿಗೆ ಹೋದ ಮೇಲೆ ಹೆಣ್ಣುಕೂಸು ತೀರಿತು. ಆಗಷ್ಟೇ ಹೊರಳಲು ಕಲಿತಿತ್ತು. ನಾನು ಅಳಲಿಲ್ಲ. ಹಟ ಹಿಡಿದದ್ದಲ್ಲ, ಅಳು ಬರಲಿಲ್ಲ ಅಷ್ಟೆ. "ಅಳ ನಮ್ಮವ್ವಾ, ಎದಿ ಹಗರಾಗ್ತೈತಿ" ಎಂದು ಅತ್ತೆ ಬೆನ್ನು ತಡವುತ್ತಿದ್ದರು. ಅವರ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನಾನು ಅದನ್ನು ನೋಡುತ್ತ ಕೂಡುತ್ತಿದ್ದೆ. ರೊಟ್ಟಿ ಕೊಟ್ಟರೆ ತಿನ್ನುತ್ತಿದ್ದೆ, ಕೊಡದಿದ್ದರೆ ಇಲ್ಲ. ಮೈಮೇಲಿನ ಸೆರಗು ಜಾರಿದರೂ ಚಳಿ ತಿಳಿಯುತ್ತಿರಲಿಲ್ಲ. ಕಲ್ಲಾಗಿದ್ದೆ ಅಂತ ಜನ ಅಂದರು. ಕಲ್ಲಿಗೆ ಏನನ್ನಿಸುತ್ತದೋ ನನಗೆ ಗೊತ್ತಿಲ್ಲ. ನನಗಂತೂ ಏನೂ ಅನ್ನಿಸುತ್ತಿರಲಿಲ್ಲ.

ಮಾಸ್ತರರ ಗುಡಿಸಲು ನಮ್ಮದರ ಪಕ್ಕಕ್ಕೇ ಇತ್ತು. ಊಟದ ಹೊತ್ತಿಗೆ ಮೂಡಣದಲ್ಲಿ ಕೂರಿಗೆ ಏರಿರುತ್ತಿತ್ತು. ಸಾಲು ಹಿಡಿದು ನಿಂತ ಆ ಚಿಕ್ಕಿಗಳಿಗೆ ನಮ್ಮ ಕಡೆ ಬಿತ್ತುವ ಕೂರಿಗೆಯ ಹೆಸರು. ಅದರ ಕೆಳಗೆ ಒಂದು ಮಬ್ಬು ಬೆಳಕು ಜೋತುಬಿದ್ದಿದೆ. ದುರ್ಬೀನಿನಲ್ಲಿ ಅದು ಹಸಿ ಕಟ್ಟಿಗೆಯ ಹೊಗೆಯಂತೆ ಹರಡಿಕೊಂಡು ಕಾಣುತ್ತದೆ. ಅದರ ಅಂಚಿನಲ್ಲಿ ಸಣ್ಣ ಚಿಕ್ಕಿಗಳು ಮೂರು. ಅವುಗಳಲ್ಲಿ ನಡುವಿನದು ಅವರ ಚಿಕ್ಕಿ. ಅಕ್ಕಪಕ್ಕದವು ಎಂದೂ ಬದಲಾಗುವುದಿಲ್ಲ. ನಡುವಿನದು ಒಮ್ಮೆ ಬೆಳಗುತ್ತದೆ, ಒಮ್ಮೆ ಮಂಕಾಗುತ್ತದೆ, ಒಮ್ಮೊಮ್ಮೆ ಇಲ್ಲವೇ ಇಲ್ಲ. ಅಕ್ಕಪಕ್ಕದವುಗಳನ್ನು ಅವರು ಸಾಕ್ಷಿದಾರರು ಅನ್ನುತ್ತಿದ್ದರು. ಮೂರೂ ಮಂಕಾದರೆ ತಪ್ಪು ಕಣ್ಣಿನದು, ಇಲ್ಲವೇ ಗಾಳಿಯ ಧೂಳಿನದು. ನಡುವಿನದೊಂದೇ ಮಂಕಾದರೆ ಅದು ಚಿಕ್ಕಿಯದೇ ಗುಣ.

ಆದರೆ ಒಬ್ಬನ ಕಣ್ಣಿನ ಮಾತನ್ನು ಅವರು ಒಪ್ಪುವವರಲ್ಲ, ಆ ಕಣ್ಣು ತಮ್ಮದೇ ಆದರೂ ಅಷ್ಟೆ. ಚಂದ್ರನ ವಿಷಯದಲ್ಲಿ ಹೇಗೋ ಹಾಗೆ ಚಿಕ್ಕಿಗೂ ಇನ್ನೊಬ್ಬರ ಸಾಕ್ಷಿ ಬೇಕು. ಅದಕ್ಕೇ ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ದುರ್ಬೀನು ಕೊಟ್ಟು "ಎಷ್ಟ ಕಾಣ್ತಾವು?" ಎಂದು ಕೇಳುತ್ತಿದ್ದರು. ತಮಗೆ ಎಷ್ಟು ಕಂಡವೆಂದು ಮಾತ್ರ ಹೇಳುತ್ತಿರಲಿಲ್ಲ. ಹೇಳುವುದೇನು ಬಂತು, ಹೊಲದಲ್ಲಿದ್ದ ಮಂದಿಗೆಲ್ಲ ಮಾಸ್ತರರ ಚಿಕ್ಕಿ ಮೂರು ಎಂದು ಬಾಯಿಪಾಠವಾಗಿತ್ತು. ದೊಡ್ಡವರ ಮನಸ್ಸು ನೋಯಿಸಬಾರದು ನೋಡಿ. "ಮೂರ್ ಅದಾವ್ರಿ" ಎಂದು ಎಲ್ಲರೂ ಅಂದರು. ಕುರಿ ಕಾಯುವ ಒಬ್ಬ ಮುದುಕನಂತೂ ದುರ್ಬೀನನ್ನು ಬೇವಿನ ಗಿಡದ ಕಡೆ ಹಿಡಿದುಕೊಂಡೇ "ಮೂರ್ರೀ ಮಾಸ್ತರ, ನೀವ್ ಹೇಳಿದ್ರ ನಾಕೂ ಅದಾವು" ಅಂದ.

ಒಂದು ಸಂಜೆ ಖಾಲಾ ನನ್ನ ತೋಳು ಹಿಡಿದು ಎಬ್ಬಿಸಿದರು. "ಬಾ, ಇವರ ಕಾಟ ನಾನೊಬ್ಬಾಕಿನ ಎಷ್ಟ ತಾಳ್ಲಿ?" ನಾನು ಹೋಗಿ ನೋಡಿದೆ. ಯಾರನ್ನೂ ಮೆಚ್ಚಿಸುವ ಮನಸ್ಸು ನನ್ನಲ್ಲಿ ಉಳಿದಿರಲಿಲ್ಲ.

"ಎಷ್ಟ ಕಾಣ್ತಾವವಾ?"

"ಎರಡು."

"ನಡುವಿಂದು?"

"ಇಲ್ರಿ."

ಮಾಸ್ತರರು ಎದ್ದು ನಿಂತುಬಿಟ್ಟರು. "ಇಷ್ಟ ಮಂದಿ ಒಳಗ ಖರೆ ಹೇಳಾಕಿ ಈಕಿ ಒಬ್ಬಾಕಿ! ನನಗೂ ಎರಡ ಕಂಡಿದ್ದು! ನನ್ನ ಕಣ್ಣ ಇನ್ನೂ ಗಟ್ಟಿ ಐತಿ!" ಎಂದು ಹೆಂಡತಿಗೆ ಹೇಳಿದರು. ಸಾವಿನ ಆ ಹೊಲದಲ್ಲಿ ಒಬ್ಬರು ಹಾಗೆ ಖುಷಿಪಟ್ಟದ್ದು ನನಗೆ ವಿಚಿತ್ರವಾಗಿ ಕಂಡಿತು. ಸಿಟ್ಟೂ ಬರಲಿಲ್ಲ.

ಅಂದಿನಿಂದ ದಿನಾ ಸಂಜೆ ನನ್ನನ್ನು ಕರೆಯುತ್ತಿದ್ದರು. ಆ ಚಿಕ್ಕಿ ಯಾಕೆ ಹೀಗೆ ಎಂದು ಒಮ್ಮೆ ಕೇಳಿದೆ. "ದಿನದ ಲೆಕ್ಕ ಹಿಡದು ಮಂಕಾಗೂ ಚಿಕ್ಕಿ ಬ್ಯಾರೆ ಅದಾವು. ಇದಕ್ಕ ಲೆಕ್ಕಾನ ಇಲ್ಲ. ಆ ಮಬ್ಬಿನ್ಯಾಗ ಚಿಕ್ಕಿ ಹುಟ್ತಾವು ಅಂತಿದ್ದ ಸಾಹೇಬ. ಖರೇನೋ ಸುಳ್ಳೋ, ನಾ ಕಂಡಿಲ್ಲ. ಖರೆ ಆಗಿದ್ರ ಇದಿನ್ನೂ ಕೂಸು. ಕೂಸಂದ್ರ..." ಎಂದವರು ನನ್ನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

"ಹೇಳ್ರಿ. ನನಗೇನೂ ಆಗೂದಿಲ್ಲ" ಅಂದೆ.

"ಕೂಸಂದ್ರ ನಿಂತಲ್ಲಿ ನಿಂದ್ರೂದಿಲ್ಲ ನೋಡವಾ."

"ಹೋದದ್ದು ತಿರುಗಿ ಬರ್ತೈತೇನ್ರಿ?"

"ಚಿಕ್ಕಿ ಬರ್ತೈತಿ. ಉಳಿದದ್ದರ ಬಗ್ಗೆ ನಾ ಸಾಕ್ಷಿ ಹೇಳಾಂವಲ್ಲ."

ಬಂದವರೆಲ್ಲ ದೇವರ ಇಚ್ಛೆ ಅಂದಿದ್ದರು, ಋಣ ತೀರಿತು ಅಂದಿದ್ದರು. ತನಗೆ ಗೊತ್ತಿಲ್ಲ ಎಂದವರು ಅವರೊಬ್ಬರೇ. ಕೆಲವು ದಿನ ಕಳೆದು ದುರ್ಬೀನಿನಲ್ಲಿ ನಡುವಿನ ಚಿಕ್ಕಿ ತಣ್ಣಗೆ ಮರಳಿ ನಿಂತಿತ್ತು. 'ಮೂರು' ಎಂದು ಹೇಳಿ ಬಂದು ಮಲಗಿದೆ. ಆವತ್ತು ಮೊದಲ ಸಲ ನನಗೆ ಚಳಿಯಾಯಿತು. ಕೌದಿ ಎಳೆದುಕೊಂಡೆ.

ಊರಿಗೆ ಮರಳಿದ ಮೇಲೆ ನಮ್ಮ ಕೆಲಸ ಮಾಳಿಗೆಯ ಮೇಲೆ ಮುಂದುವರಿಯಿತು. ಎರಡೂ ಮನೆಗಳ ಮಣ್ಣಿನ ಮಾಳಿಗೆಗಳು ಕೂಡಿಕೊಂಡೇ ಇದ್ದವು. ಹಗಲು ನಾನು ಬೇರೆಯವರ ಮಗ್ಗಗಳಿಗೆ ನೂಲಿನ ಕಂಡಿಕೆ ಸುತ್ತುತ್ತಿದ್ದೆ. ನೇಯುವವನಿಲ್ಲದ ನಮ್ಮ ಮನೆಯ ಮಗ್ಗದ ಕುಣಿಯ ಮೇಲೆ ಅತ್ತೆ ಹಲಗೆ ಮುಚ್ಚಿಸಿದ್ದರು. ಸಂಜೆ ಮಾಸ್ತರರು ಅಕ್ಷರ ಕಲಿಸಿದರು. "ಇಂಥ ಕಣ್ಣ ಇಟಗೊಂಡು ಓದಲಿಲ್ಲಂದ್ರ ಹೆಂಗ?" ಅನ್ನುತ್ತಿದ್ದರು. ಮುಂದೆ ನಾನು ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸಿ ಹೊಟ್ಟೆ ಹೊರೆದದ್ದು ಆ ಸಂಜೆಗಳಿಂದ.

ಇನ್ನೊಂದು ರಮಜಾನು ಬಂತು. ಆ ತಿಂಗಳು ಮಾಸ್ತರರು ದುರ್ಬೀನಿನ ಗಾಜನ್ನು ಒರೆಸಿದ್ದೇ ಒರೆಸಿದ್ದು. ಧೂಳು ಭಾಳ ಅನ್ನುವರು, ಒಲೆಗಳ ಹೊಗೆ ಅನ್ನುವರು. ಹೊಸ್ತಿಲು ತಾಗಿ ಮುಗ್ಗರಿಸಿದರೆ ಹೊಸ್ತಿಲನ್ನೇ ಬೈಯುವರು. ನನ್ನನ್ನು ಮಾತ್ರ ಕರೆಯಲಿಲ್ಲ. ಹಬ್ಬ ಹತ್ತಿರವಾದಂತೆ ಖಾಲಾ ಗೋಡೆಯಾಚೆಯಿಂದ ಪಿಸುಗುಟ್ಟಿದರು. "ಕಣ್ಣ ಹೋದುವು ಅಂತ ಅವರಿಗೆ ಅಂಜಿಕಿ. ಕಣ್ಣ ಹೋದ್ರ ಚಂದ್ರನ ಸಾಕ್ಷಿ ಹೋತು. ಅದೊಂದ ಮರ್ಯಾದಿ ಅವರ ಹಂತ್ಯಾಕ ಉಳದದ್ದು. ನಿನ್ನ ಕೇಳಿದ್ರ, ನನ್ನ ಮಗಳ, ಒಂದೀಟ ವಿಚಾರ ಮಾಡಿ ಹೇಳು."

ಚಂದ್ರನನ್ನು ನೋಡುವ ದಿನದ ಹಿಂದಿನ ಸಂಜೆ ಕೊನೆಗೂ ಕರೆದರು. ನಾನು ಕಣ್ಣಿಟ್ಟೆ. ಆಕಾಶ ತೊಳೆದಂತಿತ್ತು. ಮೂರೂ ಚಿಕ್ಕಿಗಳು ಚೊಕ್ಕವಾಗಿ ಕಂಡವು. ನಡುವಿನದು ಅಷ್ಟು ಬೆಳಗಿದ್ದನ್ನು ನಾನು ಅದುವರೆಗೆ ಕಂಡೇ ಇರಲಿಲ್ಲ.

"ಇವತ್ತ ಮಂಜು ಐತಿ, ಅಲ್ಲೇನ?" ಅಂದರು. ಏನನ್ನೂ ಮೊದಲೇ ಹೇಳದ ಮನುಷ್ಯ ಆವತ್ತು ಹೇಳಿಬಿಟ್ಟರು.

ಹೌದ್ರಿ ಎಂದರೆ ಮುಗಿಯುತ್ತಿತ್ತು. ಖಾಲಾ ಮೆಟ್ಟಿಲ ಮೇಲೆ ಕಿವಿಗೊಟ್ಟು ನಿಂತಿದ್ದರು. ಉಳಿದವರಂತೆ ನಾನೂ ಒಂದು ಮಾತು ಅಂದುಬಿಡಬಹುದಿತ್ತು. ಆದರೆ ಆ ಹೊಲದಲ್ಲಿ ಇವರು ನನಗೆ ಒಂದು ಸುಳ್ಳು ಸಮಾಧಾನವನ್ನೂ ಹೇಳಿರಲಿಲ್ಲ.

"ಮಂಜಿಲ್ರಿ. ಮೂರೂ ಕಾಣ್ತಾವು. ನಡುವಿಂದು ಭಾಳ ಬೆಳಗೈತಿ."

ಅವರು ದುರ್ಬೀನನ್ನು ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ. "ನನಗ ಒಂದೂ ಇಲ್ಲವಾ" ಎಂದು ಹೇಳಿ ಗೋಡೆ ಹಿಡಿದುಕೊಂಡು ಇಳಿದು ಹೋದರು. ಖಾಲಾ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಆಗ ನನಗೆ ಅದು ನಾಟಲಿಲ್ಲ. ವರ್ಷಗಳಾದ ಮೇಲೆ ನಾಟಿತು.

ಮರುದಿನ ಸಂಜೆ ಬಂಡೆಗೆ ಕರೆದೊಯ್ಯಲು ಜನ ಎಂದಿನಂತೆ ಬಾಗಿಲಿಗೆ ಬಂದರು. ಮಾಸ್ತರರು ಬಿಳಿ ರುಮಾಲು ಸುತ್ತಿ ತಯಾರಾಗಿಯೇ ಹೊರಬಂದರು. ಹೊಸ್ತಿಲಲ್ಲಿ ನಿಂತು, "ನಿಮ್ಮ ಜೋಡಿ ಬರ್ತೇನಿ. ಕೇಳೂದು ಕೇಳ್ತೇನಿ. ಆದ್ರ ನನ್ನ ಕಣ್ಣಿನ ಸಾಕ್ಷಿ ಮಾತ್ರ ಇನ್ನ ಹಿಡೀಬ್ಯಾಡ್ರಿ" ಅಂದರು. ಯಾರೋ ಒಬ್ಬ, "ಹಂಗ್ಯಾಕ್ರಿ ಮಾಸ್ತರ, ನೀವ್ ಕಂಡೈತಿ ಅಂದ್ರ ನಮಗ ಕಂಡಂಗ" ಅಂದ. "ಅದಕ್ಕ ಹೇಳ್ತೇನಪಾ" ಎಂದು ಅವನ ಹೆಗಲು ಹಿಡಿದುಕೊಂಡು ಹೊರಟರು. ಹಬ್ಬ ಕಳೆದ ಮೇಲೆ ಬಾಗಲಕೋಟೆಯ ದವಾಖಾನೆಯಲ್ಲಿ ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದರು. ಕತ್ತರಿಸಿ ತೆಗೆಯಲು ಮಾಸ್ತರರು ಒಪ್ಪಲಿಲ್ಲ.

ಆಮೇಲೆ ಬದುಕಿದಷ್ಟು ವರ್ಷವೂ ಚಳಿಗಾಲದ ಸಂಜೆ ಅವರು ಅಂಗಳದಲ್ಲಿ ಕೂತು, ಮಾಳಿಗೆಯ ಮೇಲಿದ್ದ ನನ್ನನ್ನು ಕೂಗಿ ಕೇಳುತ್ತಿದ್ದರು. ನಾನು ಎರಡು ಅನ್ನುತ್ತಿದ್ದೆ, ಮೂರು ಅನ್ನುತ್ತಿದ್ದೆ. ಎರಡು ಎಂದ ದಿನ "ಇರ್ಲಿ, ಬರ್ತೈತಿ" ಅನ್ನುವರು. ಮೂರು ಎಂದ ದಿನ ತಲೆ ಆಡಿಸುವರು. ನನ್ನ ಮಾತನ್ನು ಅವರು ಒಮ್ಮೆಯೂ ಮರುಪ್ರಶ್ನಿಸಲಿಲ್ಲ. ನನ್ನನ್ನು ಯಾರೂ ಹಾಗೆ ನಂಬಿದ್ದಿಲ್ಲ, ಹೆತ್ತವರೂ ಕೂಡ.

ಒಂದು ಚಳಿಗಾಲದಲ್ಲಿ, ಕೂರಿಗೆ ನೆತ್ತಿಗೆ ಬರುವ ದಿನಗಳಲ್ಲಿ, ಅವರು ತೀರಿಕೊಂಡರು. ಹೊತ್ತೊಯ್ಯುವಾಗ ನಾನು ಬಾಗಿಲಲ್ಲಿ ನಿಂತಿದ್ದೆ. ಅಳಲಿಲ್ಲ. ನನಗೆ ಅದು ಹೊಸದೇನಲ್ಲ ಎಂದುಕೊಂಡೆ. ಮೂರನೆಯ ದಿನ ಸಂಜೆ ಖಾಲಾ ದುರ್ಬೀನನ್ನು ಸೆರಗಿನಲ್ಲಿ ಸುತ್ತಿಕೊಂಡು ಮಾಳಿಗೆ ಹತ್ತಿ ಬಂದರು. "ಇದು ನಿಂದು. ಒಮ್ಮಿ ನೋಡು. ಇವತ್ತ ಐತೇನು?"

ಕಣ್ಣಿಟ್ಟೆ. ನಡುವಿನದು ಕಾಣಲಿಲ್ಲ. ಸಾಕ್ಷಿದಾರರೂ ಕಾಣಲಿಲ್ಲ. ಗಾಜನ್ನು ಒರೆಸಿ ಮತ್ತೆ ನೋಡಿದೆ. ಬರೀ ಬೆಳಕು ಕದಡಿಕೊಂಡು ಹರಿದಾಡುತ್ತಿತ್ತು. ದುರ್ಬೀನು ಇಳಿಸಿ ಬರಿಗಣ್ಣಿನಿಂದ ನೋಡಿದರೆ ಕೂರಿಗೆಯೇ ಇಲ್ಲ. ಆಗ ಕೆನ್ನೆ ಮುಟ್ಟಿಕೊಂಡೆ. ಕೈ ಒದ್ದೆಯಾಯಿತು.

"ಎಷ್ಟ ಅದಾವವಾ?" ಖಾಲಾ ಮತ್ತೆ ಕೇಳಿದರು.

"ಗೊತ್ತಾಗವಲ್ದು ಖಾಲಾ" ಅಂದೆ. "ಇವತ್ತ ನನ್ನ ಕಣ್ಣಿನ ಸಾಕ್ಷಿ ಹಿಡೀಬ್ಯಾಡ್ರಿ."