ಸರ್ವರ್ ಮೇಲಿನ ಮೊಸರು

ಗೆಳೆಯರೇ, ಗಾಂಧಿ ಚೌಕದಲ್ಲಿ ರಿಪೇರಿಯಾದ ಟಿವಿ ಇವತ್ತು ಮನೆಗೆ ಬಂತು. ನಮ್ಮ ಸಿನಿಮಾ, ಮನೆಯವರ ವಿಡಿಯೋಗಳೆಲ್ಲ ಇರುವುದು ಹಳೆಯ ಕಂಪ್ಯೂಟರಿನಲ್ಲಿ ನಾನೇ ಮಾಡಿಕೊಂಡ, ಹಗಲು ರಾತ್ರಿ ಆನ್ ಇರುವ ಸರ್ವರ್‌ನಲ್ಲಿ. ಹಿಂದಿನಿಂದ ಟಿವಿ ವೈರ್ ಸಿಕ್ಕಿಸಲು ಅದನ್ನು ಸರಿಸಹೋದರೆ, ಮೇಲೆ ಟವೆಲ್ ಸುತ್ತಿದ ಪಾತ್ರೆ!

“ಅವ್ವಾ, ಏನ ಬೇ ಇದು?”

“ಹಾಲಿಗೆ ಹೆಪ್ಪು ಹಾಕೇನಿ. ಈ ಥಂಡ್ಯಾಗ ಮೊಸರು ಆಗವಲ್ದು. ನಿನ್ನ ಡಬ್ಬಿ ಛಲೋ ಬೆಚ್ಚಗೈತಿ.”

“ಚೆಲ್ಲಿದ್ರ ನಿನ್ನ ಮೊಮ್ಮಗಳ ತೊಟ್ಟಿಲ ವಿಡಿಯೋನೂ ಹೋಗತೈತಿ. ತಗೀತೀನಿ ತಡಿ.”

“ಕೈ ಹಚ್ಚಬ್ಯಾಡ! ಅಲಗಾಡಿದ್ರ ಮೊಸರು ಗಟ್ಟಿ ಆಗಂಗಿಲ್ಲ. ಮುಂಜಾನಿ ತನಕ ಸುಮ್ನಿರು.”

ಇಷ್ಟು ದಿನ ಅದನ್ನು ‘ಕರೆಂಟ್ ತಿನ್ನೋ ಡಬ್ಬಿ’ ಎಂದು ಬೈಯುತ್ತಿದ್ದವಳು ಇದೇ ಅವ್ವ. ಈಗ ರಿಪೇರಿಯಾದ ಟಿವಿಯೂ ನಾನೂ ಮೊಸರಿನ ಅಪ್ಪಣೆಗೆ ಕಾಯುತ್ತಾ ಕೂತಿದ್ದೇವೆ.