ಮೂರನೆಯ ಮೊಳೆ

ನನ್ನ ಕೈಯಲ್ಲಿ ಸುತ್ತಿಗೆ ಇರುವಾಗಲೇ ಮನೆ ಮಾಲಕಿ ಅಜ್ಜಿ ಒಳಗೆ ಬಂದರು. ಬೆಟಗೇರಿಯ ಈ ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯಬಾರದೆಂದು ಮೊದಲ ದಿನವೇ ಹೇಳಿದ್ದರು. ಸುಣ್ಣ ಉದುರಿದ ಜಾಗ ಮರೆಮಾಡಲು ನಾನು ಅವ್ವನ ಹಳೆಯ ಕೈಮಗ್ಗದ ಸೀರೆಯನ್ನು ಎರಡು ಮೊಳೆಗೆ ಕಟ್ಟಿದ್ದೆ. ಇನ್ನು ಮನೆ ಬಿಡಿಸುತ್ತಾರೆ ಎಂದುಕೊಂಡೆ.

“ತಪ್ಪಾತ್ರಿ ಆಯಿ” ಎಂದೆ.

ಅಜ್ಜಿ ಸೀರೆಯ ಅಂಚನ್ನು ಮುಟ್ಟಿ ನೋಡಿದರು. “ನಲವತ್ತ ವರ್ಷ ಮಗ್ಗದಾಗ ಕುಂತಾಕಿ ನಾ. ಹಿಂಗ ಕಟ್ಟಿದ್ರ ಸೀರಿ ಹರಿತೈತಿ. ತಡಿಯವ್ವ, ಕೋಲ ತರ್ತೀನಿ.”

ಬಿದಿರ ಕೋಲು ತಂದು ಆ ಎರಡು ಮೊಳೆಗಳ ಮೇಲಿಟ್ಟು, ಅದರ ಮೇಲೆ ಸೀರೆಯನ್ನು ಸುಕ್ಕಿಲ್ಲದಂತೆ ಇಳಿಬಿಟ್ಟರು. ಕೋಲು ನಡುವೆ ಬಾಗಿದ್ದು ಕಂಡು ನನ್ನ ಸುತ್ತಿಗೆ ಇಸಿದುಕೊಂಡು, ಮೂರನೆಯ ಮೊಳೆಯನ್ನು ತಾವೇ ಹೊಡೆದರು!

ಈ ಮನೆಗೆ ಬಂದು ಮೂರು ತಿಂಗಳಾಗಿತ್ತು. ನಿರಾಳವಾಗಿ ಕಾಲು ಚಾಚಿ ಕುಳಿತು ಚಹಾ ಕುಡಿದದ್ದು ಅಂದೇ ಮೊದಲು.